ಅವಳ ಪಾಲಿನ ಶಬ್ಬಾತ್

ಆ ಸದ್ದು ಫ್ಯಾನಿನದು ಅಂದುಕೊಂಡೆ, ಪ್ರಾರ್ಥನೆಯ ಮನೆಯಲ್ಲಿ ಹೆಂಗಸರ ಕಡೆಯ ಹಳೇ ಫ್ಯಾನು, ಬೇಸಿಗೆ ಬಂದರೆ ಹೀಗೇ ಗೊರಗೊರ ಅನ್ನುತ್ತದೆ, ಶಬ್ಬಾತ್ ದಿನ, ವಾರದ ಬಿಡುವಿನ ದಿನ, ಅದನ್ನು ಮುಟ್ಟುವ ಹಾಗೂ ಇಲ್ಲ — ಆದರೆ ಮಲ್ಕಾ ತಿರುಗಿ ನೋಡಿದ್ದು ಫ್ಯಾನಿನ ಕಡೆಗಲ್ಲ, ನನ್ನ ಪಕ್ಕಕ್ಕೆ, ಅಮ್ಮನ ಗಾಲಿಕುರ್ಚಿಯ ಆಚೆಗೆ, ಅಲ್ಲಿ ದೇವಕಲಾ ಗೋಡೆಗೆ ತಲೆ ಆನಿಸಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾಳೆ, ದೇವರೇ, ಪರದೆಯ ಆಚೆ ಗಂಡಸರು ಪವಿತ್ರ ಗ್ರಂಥದ ಸುರುಳಿಯನ್ನು ಹೊರತೆಗೆಯುತ್ತಿದ್ದಾರೆ, ಈಚೆ ನಮ್ಮ ಮನೆಯ ಕೆಲಸದವಳ ಗೊರಕೆ, ಶುಲಾ, ನಿಮ್ಮ ನೇಪಾಳದವಳಿಗೆ ಒಂದು ದಿಂಬು ತಂದ್ಕೊಡ್ಲೇನೇ, ಮಲ್ಕಾ ಪಿಸುಗುಟ್ಟಿದಳು, ಮುಂದಿನ ಸಾಲಿನವರು ಕಿಸಕ್ಕೆಂದರು, ನನ್ನ ಕಿವಿಯೆಲ್ಲ ಬಿಸಿ, ಈ ಪರದೆ ಹೊಲಿದುಕೊಟ್ಟವಳು ನಾನು, ಹಬ್ಬಕ್ಕೆ ಈ ಬೆಂಚುಗಳನ್ನು ಉಜ್ಜಿ ತೊಳೆಯುವವಳು ನಾನು, ಕೈ ತಾನಾಗಿ ಹೋಯಿತು, ಭುಜ ಹಿಡಿದು ಅಲುಗಿಸಿದೆ, ಏಯ್, ಏಳು, ಇದೇನು ಮಲಗೋ ಕೋಣೆ ಅಂದ್ಕೊಂಡ್ಯಾ, ದೇವರ ಜಾಗ ಇದು, ನಾಚಿಕೆ ಆಗಲ್ವಾ ನಿಂಗೆ, ಎದ್ದು ಆಚೆ ಹೋಗು — ಮೆಲ್ಲಗೇ ಹೇಳಿದೆ ಅಂದುಕೊಂಡಿದ್ದೆ, ಎಲ್ಲರಿಗೂ ಕೇಳಿಸಿತು. ಅವಳು ದಡಕ್ಕನೆ ಎದ್ದಳು, ಎದ್ದವಳೇ ಮೊದಲು ಅಮ್ಮನ ಮೊಣಕಾಲಿನಿಂದ ಜಾರಿದ್ದ ಶಾಲು ಸರಿಮಾಡಿದಳು, ನಿದ್ದೆಗಣ್ಣಲ್ಲೇ, ಆಮೇಲೆ, ಸಾರಿ ಅಕ್ಕಾ, ತಲೆ ತಗ್ಗಿಸಿಕೊಂಡು ಬೆಂಚುಗಳ ನಡುವೆ ಹೊರಗೆ ನಡೆದಳು, ಯಾರ ಬಟ್ಟೆಗೂ ತಾಗದ ಹಾಗೆ ಮೈ ಹಿಡಿಯಷ್ಟು ಮಾಡಿಕೊಂಡು.

ಅಮ್ಮ ನನ್ನ ಮುಖ ನೋಡಲಿಲ್ಲ. ಮರೆವಿನಲ್ಲಿ ಅರ್ಧ ದಿನ ಕುರ್ದಿಸ್ತಾನದ ತನ್ನ ಹಳ್ಳಿಯಲ್ಲೇ ಇರುತ್ತಾಳೆ, ಅಲ್ಲಿಯ ಬಾವಿ, ಅಲ್ಲಿಯ ಮೇಕೆ, ಈಗ ಮಾತ್ರ ಪೂರ್ತಿ ಜೆರುಸಲೇಮಿನಲ್ಲಿದ್ದಳು, ರಾತ್ರಿಯೆಲ್ಲಾ ನನ್ ಕಾಲು ಒತ್ತಿದ್ಳು ಆ ಹುಡುಗಿ, ನೀನೆಲ್ಲಿದ್ದೆ. ಮಲಗಿದ್ದೆ ಅಮ್ಮಾ, ಚೆನ್ನಾಗಿ ಮಲಗಿದ್ದೆ. ಶುಕ್ರವಾರ ಹೊತ್ತು ಮುಳುಗಿದರೆ ದೇವಕಲಾಗೆ ರಜೆ, ಮರುದಿನ ಹೊತ್ತು ಮುಳುಗುವವರೆಗೆ, ಮಾತಾಗಿದ್ದೇ ಹಾಗೆ, ಆಗ ಅಮ್ಮನ ಪಕ್ಕ ಇರಬೇಕಾದವಳು ನಾನು, ಆದರೆ ಒಂದು ವಾರ ಬೀಗರು ಬಂದರು, ಒಂದು ವಾರ ನನಗೆ ಬೆನ್ನುನೋವು, ಈ ವಾರ ಏನಿತ್ತು, ಏನೂ ಇರಲಿಲ್ಲ, ಅಭ್ಯಾಸವಾಗಿಬಿಟ್ಟಿತ್ತು, ನಿನ್ನೆ ಸಂಜೆ, ಇದೊಂದ್ಸಲ ಇರೇ ದೇವಕಲಾ, ಅಂದೆ, ಶಬ್ಬಾತಿಗೆ ಮುಂಚಿನ ಕೊನೇ ಬಸ್ಸಿಗೆ ಹೊರಟು ನಿಂತವಳು ಹೆಗಲ ಚೀಲ ಕೆಳಗಿಟ್ಟಳು, ಗೆಳತೀರು ಅಡುಗೆ ಮಾಡ್ಕೊಂಡು ಕಾಯ್ತಿರ್ತಾರೆ ಅಕ್ಕಾ, ಪರವಾಗಿಲ್ಲ, ಮುಂದಿನ ವಾರ ಹೋಗ್ತೀನಿ, ಶಬ್ಬಾತಿನ ಊಟದ ಹಮೀನಿನ ಪಾತ್ರೆ ರಾತ್ರಿಯೆಲ್ಲ ಬೇಯಲೆಂದು ಬಿಸಿತಟ್ಟೆಯ ಮೇಲೆ ಏರಿತ್ತು, ನಾನು ದೀಪ ಹಚ್ಚಿದೆ, ಅಂಗೈಯಿಂದ ಕಣ್ಣು ಮುಚ್ಚಿಕೊಂಡೆ, ಬಂತಪ್ಪಾ ಶಬ್ಬಾತ್, ಎಂಥ ನೆಮ್ಮದಿ, ಅಂದುಕೊಂಡೆನಲ್ಲ, ಯಾರ ನೆಮ್ಮದಿ ಅದು, ಅವಳ ಚೀಲದಿಂದ ನಾನು ತೆಗೆದುಕೊಂಡದ್ದು — ಈಗ ಎಲ್ಲರೂ ಎದ್ದು ನಿಲ್ಲುತ್ತಿದ್ದಾರೆ, ಹತ್ತು ಆಜ್ಞೆಗಳ ಓದು, ಎಷ್ಟೋ ವರ್ಷ ಕೇಳಿದ್ದೇನೆ, ಬಾಯಿಪಾಠ, ಆದರೂ ಶಬ್ಬಾತಿನ ಆಜ್ಞೆ ಬಂದಾಗ ಬೆಂಚು ಹಿಡಿದುಕೊಂಡೆ, ಎತ್ತಿಗೂ ಬಿಡುವು ಸಿಕ್ಕಿತು, ಕತ್ತೆಗೂ ಸಿಕ್ಕಿತು, ಮನೆಯ ಆಳಿಗೂ ಹೊರಗಿನಿಂದ ಬಂದವರಿಗೂ ಒಡೆಯನಷ್ಟೇ ಸಿಕ್ಕಿತು, ಮಲ್ಕಾ ನನ್ನ ಕಡೆ ನೋಡುತ್ತಿದ್ದಾಳೋ ಇಲ್ಲವೋ, ನೋಡುತ್ತಿದ್ದಾಳೆ ಅನ್ನಿಸಿತು, ಓದು ಮುಗಿಯುವ ತನಕ ನಿಲ್ಲಲಾಗಲಿಲ್ಲ, ಹೊರಗೆ ಬಂದೆ.

ಅಂಗಳದಲ್ಲಿ ಒಂದು ಪಟ್ಟಿ ನೆರಳು, ಅದರೊಳಗೆ ಅವಳು ನಿಂತಿದ್ದಾಳೆ, ಪಕ್ಕದಲ್ಲೇ ಕಲ್ಲಿನ ಕಟ್ಟೆ ಖಾಲಿ, ಕೂತ್ಕೋಬಾರ್ದಿತ್ತೇನೇ, ಅಂದೆ, ಇದೂ ದೇವರ ಜಾಗಾನೇ ಏನೋ ಅಂತ, ಗೊತ್ತಾಗ್ಲಿಲ್ಲ ಅಕ್ಕಾ — ಕೊಂಕಿರಲಿಲ್ಲ ಆ ಮಾತಿನಲ್ಲಿ, ಕೊಂಕಿದ್ದಿದ್ದರೆ ಸುಲಭವಾಗುತ್ತಿತ್ತು, ತಪ್ಪಾಯ್ತು ಕಣೇ ಅನ್ನಬೇಕೆಂದು ಬಾಯಿ ತೆರೆದೆ, ಬಂದದ್ದು ಬೇರೆ, ಮನೆಗೆ ಹೋಗು, ಅಮ್ಮನ್ನ ನಾನು ಕರ್ಕೊಂಬರ್ತೀನಿ, ಅವಳ ಮುಖ ಬಿಳಿಚಿತು, ಕೆಲಸದಿಂದ ತೆಗೀತೀರಾ ಅಕ್ಕಾ, ಇನ್ಮೇಲೆ ಮಲಗಲ್ಲ, ಮಲಗಲ್ಲ ಅಂತ ಆಣೆ ಇಡುತ್ತಿದ್ದಾಳೆ ನನಗೆ, ಬಿಡುವಿನ ದಿನ, ಪ್ರಾರ್ಥನೆಯ ಮನೆಯ ಅಂಗಳದಲ್ಲಿ ನಿಂತು, ಅಯ್ಯೋ ಇಲ್ಲಮ್ಮ, ಹೋಗು, ನನ್ ಕೋಣೇಲಿ ಮಲಕ್ಕೋ, ಅಲ್ಲಿ ಯಾರೂ ಬರಲ್ಲ, ತಪ್ಪು ನಂದು, ಕೊನೆಗೂ ಅಂದೆ, ಅವಳಿಗೆ ಅದು ಅರ್ಥವಾಗಲಿಲ್ಲ, ನಾನು ಗದರಿಸುತ್ತಿದ್ದೇನೆ ಅಂದುಕೊಂಡೇ ಹೋದಳು.

ಏರುದಾರಿಯಲ್ಲಿ ಗಾಲಿಕುರ್ಚಿ ಇಷ್ಟು ಭಾರವೆಂದು ಗೊತ್ತಿರಲಿಲ್ಲ, ಹಿಂದಿನಿಂದ ಮಲ್ಕಾ, ಏನೇ, ಕೆಲಸದವಳು ಕೈಕೊಟ್ಲಾ, ಮಲಗಿದಾಳೆ, ಅಂದೆ, ನಿನ್ ಹಾಸಿಗೇಲೇನೋ, ಹೂಂ ಕಣೇ, ನನ್ ಹಾಸಿಗೇಲೇ, ಮಲ್ಕಾ ನಗುವುದಕ್ಕೆ ಹೊರಟು ನಿಲ್ಲಿಸಿದಳು, ನೆತ್ತಿಯ ಮೇಲೆ ಶಬ್ಬಾತಿನ ಗಡಿಯ ತಂತಿ, ಊರ ಸುತ್ತ ಎಳೆದದ್ದು, ಅದರೊಳಗೆ ಶಬ್ಬಾತ್ ದಿನ ಊರೆಲ್ಲ ಒಂದೇ ಮನೆ, ಮನೆಯಾಚೆ ಏನನ್ನೂ ಸಾಗಿಸಬಾರದ ದಿನವೂ ಅದಕ್ಕೇ ಈ ಕುರ್ಚಿ ತಳ್ಳಬಹುದು, ಒಂದೇ ಮನೆಯಾದರೆ ದೇವಕಲಾ ಆ ಮನೆಗೆ ಏನಾಗಬೇಕು, ದೇವರ ಗೋಡೆಗೆ ತಲೆಯಿಟ್ಟಾಗ ಅವಳಿಗೆ ನಿದ್ದೆ ಬಂತು, ನನ್ನ ಮನೆಯಲ್ಲಿ ಬರಲಿಲ್ಲ, ನಾನು ಹೋಗಿ ಎಬ್ಬಿಸಿದೆ, ಯಾವುದನ್ನು ಕಾಪಾಡಲು ಎಬ್ಬಿಸಿದೆ, ಅಮ್ಮ ಹಾಡು ಗುನುಗುತ್ತಿದ್ದಾಳೆ, ಮನೆ ಬಂತು, ಬಾಗಿಲು ಸದ್ದಾಗದ ಹಾಗೆ ತಳ್ಳಿದೆ, ನನ್ನ ಕೋಣೆ ಅರ್ಧ ತೆರೆದಿದೆ, ಹಾಸಿಗೆಯ ತೀರಾ ಅಂಚಿನಲ್ಲಿ ಮಲಗಿದ್ದಾಳೆ, ಹೊದಿಕೆ ಸರಿಸಿಲ್ಲ, ದಿಂಬು ಮುಟ್ಟಿಲ್ಲ, ಒಂದು ಕಾಲು ಮಾತ್ರ ಮೇಲೆ, ಇನ್ನೊಂದು ನೆಲದ ಮೇಲೆ, ಶೂ ಬಿಚ್ಚಿಲ್ಲ, ಲೇಸು ಬಿಗಿದೇ ಇದೆ, ಎತ್ತಿ ಮೇಲಿಡೋಣವೆಂದರೆ ಮುಟ್ಟಿದ ಕೂಡಲೇ ಎದ್ದುಬಿಡುತ್ತಾಳೆ, ಹಜಾರದಲ್ಲಿ ಅಮ್ಮ ಕೆಮ್ಮಿದಳು, ದೇವಕಲಾಳ ಕಣ್ಣು ತೆರೆಯಲಿಲ್ಲ, ಕಾಲು ನೆಲವನ್ನು ಒತ್ತಿತು, ಏಳಲು, ಬೇಡಮ್ಮಾ, ನಾನಿದೀನಿ, ಮಲಕ್ಕೋ, ಅನ್ನುತ್ತಲೇ ಇದ್ದೇನೆ, ಆ ಕಾಲು ಒತ್ತುತ್ತಲೇ ಇದೆ, ನೆಲದ ಮೇಲೆ, ಆ ಒಂದು ಕಾಲು