ನಾಲ್ಕನೆಯ ಸಾಲಿನ ಸೊನ್ನೆ

ಆಸ್ಪತ್ರೆಯ ನೆಲಮಾಳಿಗೆಯ ಆ ಕೋಣೆಯಲ್ಲಿ ನಡುಮಧ್ಯಾಹ್ನವೂ ಮಬ್ಬು. ಇಡೀ ಕಟ್ಟಡದ ಕಂಪ್ಯೂಟರುಗಳ ಮಾತು ಹಾದುಹೋಗುವ ಸ್ವಿಚ್ ಅಲ್ಲಿ ಹಸಿರು ದೀಪಗಳನ್ನು ಮಿಟುಕಿಸುತ್ತ ಕೂತಿತ್ತು. ಅದರ ಫ್ಯಾನುಗಳ ಒಂದೇ ಸಮನೆಯ ಮೊರೆತದಲ್ಲಿ ಅಕ್ಕನಿಗೆ ಅಜ್ಜಿ ಪದ್ಯ ಹೇಳುವಾಗಿನ ಶ್ರುತಿ ಕೇಳಿಸುತ್ತಿತ್ತು. ಕಟ್ಟಡಕ್ಕೆಲ್ಲ ಆಕೆ ನೆಟ್‌ವರ್ಕ್ ನೋಡಿಕೊಳ್ಳುವವಳು. ಬಾಣಂತಿಯರ ವಾರ್ಡಿನಲ್ಲಿ ಮಲಗಿದ್ದವಳೊಬ್ಬಳಿಗೆ ಮಾತ್ರ ಅಕ್ಕ.

ತಂಗಿಗೆ ಹೆರಿಗೆಯಾಗಿ ಆರು ದಿನ. ದಿನ ತುಂಬದೆ ಹುಟ್ಟಿದ ಕೂಸು ಮೂರನೆಯ ಮಹಡಿಯ ಗಾಜಿನ ಪೆಟ್ಟಿಗೆಯಲ್ಲಿ. ಹೊಲಿಗೆ ಮಾಯದ ತಾಯಿ ಮೊದಲನೆಯ ಮಹಡಿಯ ಹಾಸಿಗೆಯಲ್ಲಿ. ನಡುವೆ ಇದ್ದದ್ದು ಒಂದು ಕ್ಯಾಮೆರಾ, ಒಂದು ಟ್ಯಾಬು. ಕೂಸನ್ನು ಇನ್ನೂ ಮಡಿಲಿಗೆ ತೆಗೆದುಕೊಳ್ಳದವಳು ಪರದೆಯಲ್ಲಿ ಅದರ ಎದೆ ಏರಿಳಿಯುವುದನ್ನು ಕಂಡರಷ್ಟೇ ಎರಡು ತುತ್ತು ಉಣ್ಣುತ್ತಿದ್ದಳು.

ಕೂಸುಗಳ ಚಿತ್ರ ಯಾರಿಗೆ ಹೋಗಬಹುದು, ಯಾರಿಗೆ ಕೂಡದು ಎಂಬ ನಿಯಮಗಳನ್ನು ಅಕ್ಕ ಅಂದು ಸ್ವಿಚ್ಚಿಗೆಂದು ಸಾಲುಸಾಲಾಗಿ ಹೊಸದಾಗಿ ಬರೆದಿದ್ದಳು. ಬರೆದದ್ದನ್ನು ಬಾಯಿಬಿಟ್ಟು ಹೇಳಿ ನೋಡುವುದು ಅವಳ ರೂಢಿ. ಅಜ್ಜಿ ಪುಸ್ತಕ ಮುಟ್ಟಿಸದೆ ಪದ್ಯಗಳನ್ನು ಕಿವಿಯಿಂದಲೇ ಕಲಿಸಿದವಳು. "ಎಡವಿದಲ್ಲಿಂದ ಎದ್ದು ಓಡಬೇಡ, ಮೊದಲಿಂದ ಹೇಳು" ಎನ್ನುತ್ತಿದ್ದಳು. ಎಷ್ಟು ಹೇಳಿಸಿದರೂ ತಂಗಿ ಮಾತ್ರ ಎರಡನೆಯ ಸಾಲನ್ನು ನುಂಗಿಬಿಡುತ್ತಿದ್ದಳು.

ಅಕ್ಕ ಬಾಯಿ ತೆರೆದಳೋ ಇಲ್ಲವೋ, ಮೇಲಿನಿಂದ ನಗು ಬಂತು.

"ಏನಮ್ಮಾ, ಸ್ವಿಚ್ಚಿಗೆ ಜೋಗುಳಾನಾ? ಅದು ಮಲಗಿಬಿಟ್ರೆ ಬೈಸ್ಕೊಳ್ಳೋನು ನಾನು!"

ಕೇಬಲ್ ಎಳೆಯುವವನು. ಸದಾ ಏಣಿಯ ಮೇಲೇ ಇರುತ್ತಿದ್ದುದರಿಂದ ಎಲ್ಲರಿಗೂ ಏಣಿಯಣ್ಣ. ಅಕ್ಕ ನಾಚಿ, ಹೇಳದೆಯೇ ನಿಯಮಗಳನ್ನು ಜಾರಿಗೆ ತಂದಳು.

ಗಳಿಗೆಯೊಳಗೆ ಫೋನು.

"ಅಕ್ಕಾ, ಪಾಪು ಕಾಣ್ತಿಲ್ಲ. ಬರೀ ಕಪ್ಪು. ಏನೋ ಆಗಿದೆ, ಎಲ್ರೂ ಸೇರಿ ನನ್ನಿಂದ ಮುಚ್ಚಿಡ್ತಿದ್ದೀರಿ. ನಾನೇ ಮೆಟ್ಟಿಲು ಹತ್ತಿ ಹೋಗ್ತೀನಿ."

"ಹುಚ್ಚೀ, ಹೊಲಿಗೆ ಬಿಚ್ಚಿಕೊಳ್ಳುತ್ತೆ! ಪಾಪು ಚೆನ್ನಾಗೇ ಇದೆ, ಕೆಟ್ಟಿರೋದು ನನ್ನ ಕೆಲಸ. ಫೋನ್ ಇಡಬೇಡ, ಏಳಲೂಬೇಡ."

"ಆ ತಡೆಯೋ ಸಾಲನ್ನೇ ಕಿತ್ತು ಬಿಸಾಕಮ್ಮ" ಎಂದ ಏಣಿಯಣ್ಣ.

"ಕಿತ್ತರೆ ಕೆಳಗಡೆ ಬೆಂಚಿನ ಮೇಲೆ ಕೂತ ಕಂಡಕಂಡೋರಿಗೆಲ್ಲ ಎಲ್ಲರ ಕೂಸೂ ಕಾಣುತ್ತಣ್ಣ."

ಅಕ್ಕ ಕಣ್ಣು ಮುಚ್ಚಿ ನಿಯಮಗಳನ್ನು ಮೊದಲ ಸಾಲಿನಿಂದ ಹೇಳತೊಡಗಿದಳು. ಹೇಳುತ್ತ ಹೇಳುತ್ತ ತಾನೇ ಆ ಕೂಸಿನ ಚಿತ್ರವಾದಳು. ಬೆಳಕಿನ ಚೂರಾಗಿ, ತೂಕವೇ ಇಲ್ಲದೆ, ಉದ್ದನೆಯ ಪಡಸಾಲೆಯಲ್ಲಿ ತೇಲಿದಳು. ಸಾಲಿಗೊಬ್ಬ ಬಾಗಿಲು ಕಾಯುವವನು. "ದಾದಿಯರ ಕೋಣೆಗಾ?" ಅಲ್ಲ. "ಡಾಕ್ಟರ ಬಳಿಗಾ?" ಅಲ್ಲ. ಮೂರನೆಯವನು ವೈಫೈ ಹಿಡಿದು ಕೂತ ಸಂದರ್ಶಕರನ್ನು ತಡೆಯುವವನು. ತಾಯಂದಿರ ಟ್ಯಾಬುಗಳೂ ಅದೇ ವೈಫೈಗೆ ಸೇರಿದ್ದವು. "ಹಿಂದಕ್ಕೆ ನಡೆ" ಎಂದ. ಅವನ ಹೆಗಲಾಚೆ ನಾಲ್ಕನೆಯವಳು, ತಾಯಂದಿರಿಗೆಂದೇ ಬರೆದ ಸಾಲು, ಬಾಗಿಲು ತೆರೆದು ಕೈಚಾಚಿ ನಿಂತಿದ್ದಳು. ಅವಳ ಬಳಿಗೆ ಬಂದವರ ಎಣಿಕೆ ಸೊನ್ನೆ. ಹೊಂದಿಕೆಯಾದ ಮೊದಲ ಸಾಲಿನದೇ ತೀರ್ಪು. ಮುಂದಿನದನ್ನು ಸ್ವಿಚ್ಚು ಕಣ್ಣೆತ್ತಿಯೂ ನೋಡದು.

ಅಕ್ಕ ಕಣ್ಣು ತೆರೆದು, ನಾಲ್ಕನೆಯದನ್ನು ಎತ್ತಿ ಮೂರನೆಯದಕ್ಕಿಂತ ಮೊದಲು ಕೂರಿಸಿದಳು.

ಫೋನಿನಲ್ಲಿ ಮೂಗೆಳೆದ ಸದ್ದು.

"ಬಂತು ಅಕ್ಕಾ. ಆಕಳಿಸ್ತಿದೆ. ಥೇಟ್ ನಿನ್ನ ಹಾಗೇ, ಊರಗಲ ಬಾಯಿ."

ಪರದೆಯ ಮೇಲೆ ಆ ಸಾಲಿನ ಸೊನ್ನೆ ಹತ್ತಾಯಿತು, ನೂರಾಯಿತು. ತಂಗಿ ಫೋನು ಇಡುವುದನ್ನೇ ಮರೆತು ಅಜ್ಜಿಯ ಪದ್ಯ ಗುನುಗತೊಡಗಿದಳು.

"ಎರಡನೇ ಸಾಲು ಬಿಟ್ಟೆ ಕಣೇ."

"ಪಾಪೂಗೆ ಇದೆಲ್ಲಿ ಕೇಳಿಸುತ್ತೆ, ಬಿಡು."

"ನನಗೆ ಕೇಳಿಸ್ತಲ್ಲ. ಮೊದಲಿಂದ ಹೇಳು."

ಏಣಿಯ ಮೇಲಿದ್ದವನು ಕೈ ನಿಲ್ಲಿಸಿದ. ತಂಗಿ ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಹಿಡಿದಳು.