ಗೋಪುರಕ್ಕೊಂದು ಹಗ್ಗ

ಚನ್ನಗಿರಿಯ ಆ ಕಾಲೇಜಿನ ಗಂಟೆ ಗೋಪುರಕ್ಕೆ ಒಂದು ಕಟ್ಟಳೆಯಿತ್ತು. ನ್ಯಾಮತಿ, ಹೊನ್ನಾಳಿ ಕಡೆಯ ಬಸ್ಸು ದಿಣ್ಣೆ ಇಳಿಯುವುದು ಮೇಲಿನಿಂದ ಕಂಡ ಮೇಲೆಯೇ ಬೆಳಗಿನ ಗಂಟೆ ಬಾರಿಸಬೇಕು. ದೂರದ ಹುಡುಗರು ಹೊರಗೆ ನಿಲ್ಲಬಾರದೆಂದು ಕಾಲೇಜು ಕಟ್ಟಿಸಿದ ಹಿರಿಯರು ಮಾಡಿದ್ದು. ಅದಕ್ಕೇ ಗಂಟೆಗೆ ನೆಲದವರೆಗೆ ಹಗ್ಗ ಬಿಟ್ಟಿರಲಿಲ್ಲ, ಹತ್ತಿಯೇ ಹೊಡೆಯಬೇಕು.

ಸಾವಿರದ ಒಂಬೈನೂರ ಎಪ್ಪತ್ತೆರಡರಿಂದ ಹತ್ತುತ್ತಿದ್ದ ಜವಾನ ಗಿಡ್ಡಪ್ಪನ ಮೊಣಕಾಲುಗಳು ಎಂಬತ್ತಾರರ ಹೊತ್ತಿಗೆ ಸೋತಿದ್ದವು. ಬೆಳಗ್ಗೆ ಗೋಪುರ ಕಂಡರೆ ಸಾಕು, ಹತ್ತುವ ಮುಂಚೆಯೇ ದಣಿವಾಗುತ್ತಿತ್ತು. ಒಂದು ಹಗ್ಗ ಇಳಿಬಿಡಿಸಿ ಎಂದು ಪ್ರಿನ್ಸಿಪಾಲರನ್ನು ಕೇಳಿಕೊಂಡ. ಜಗಳೂರು ಕಡೆಯಿಂದ ಬಂದ ಅವರಿಗೆ ಹಳೆಯ ಕಟ್ಟಳೆಯ ಹಂಗಿರಲಿಲ್ಲ, ಒಪ್ಪಿದರು. ಕಾಲೇಜು ಕಮಿಟಿಯ ಬೆನಕಪ್ಪ ಒಪ್ಪಲಿಲ್ಲ. ನ್ಯಾಮತಿಯಿಂದ ಅದೇ ಬಸ್ಸಿನಲ್ಲಿ ಬಂದು ಓದಿ, ಈಗ ಚನ್ನಗಿರಿಯಲ್ಲೇ ಅಡಿಕೆ ವ್ಯಾಪಾರ ಮಾಡುತ್ತಿದ್ದವನು. ಬಸ್ಸು ತಡವಾದ ದಿನ ಆ ಗಂಟೆ ಕಾಯದಿದ್ದರೆ ತಾನು ಪರೀಕ್ಷೆಗೇ ಕೂರುತ್ತಿರಲಿಲ್ಲ, ಹಿರಿಯರ ಮಾತು ಮುರಿಯಬಾರದು ಎಂದ.

ಗಿಡ್ಡಪ್ಪ ವಾದಕ್ಕೆ ಹೋಗಲಿಲ್ಲ. ಹೊರೆಯ ಭಾರ ಹೊತ್ತವನಿಗೇ ಗೊತ್ತು. ಪಕ್ಕದಲ್ಲಿ ನಿಂತವರಿಗೆ ಬಾಯಲ್ಲಿ ಹೇಳಿ ಏನು ಬಂತು? ವಾರ್ಷಿಕೋತ್ಸವದ ದಿನ ಹಳೆಯ ವಿದ್ಯಾರ್ಥಿಯೊಬ್ಬರು ಬೆಳಗಿನ ಗಂಟೆ ಹೊಡೆಯುವ ವಾಡಿಕೆಯಿತ್ತು. ಈ ಸಲ ತಾವೇ ಬರಬೇಕು ಎಂದು ಬೆನಕಪ್ಪನ ಅಂಗಡಿಗೆ ಹೋಗಿ ಕರೆದ.

ಇಸ್ತ್ರಿ ಅಂಗಿ ತೊಟ್ಟು ಬಂದ ಬೆನಕಪ್ಪ ಅರ್ಧ ಹತ್ತುವುದರೊಳಗೆ ಗೋಡೆಗೆ ಒರಗಿದ. ಗಿಡ್ಡಪ್ಪನೂ ಅಲ್ಲೇ ಕೂತ. ದಿನಾ ಅವನು ಉಸಿರು ತಗೊಳ್ಳುವ ಜಾಗವೂ ಅದೇ. ಅಂತೂ ಮೇಲೆ ತಲುಪಿ ಬೆನಕಪ್ಪ ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ಅವನ ಕಾಲದಲ್ಲಿ ಹುಡುಗರು ನೆಟ್ಟಿದ್ದ ಮರಗಳು ಬೆಳೆದು ರಸ್ತೆಯನ್ನೇ ಮುಚ್ಚಿದ್ದವು.

"ಬಸ್ಸೇ ಕಾಣ್ತಿಲ್ವಲ್ಲ ಗಿಡ್ಡಪ್ಪ."

"ಕಾಣದೆ ಬಾಳ ವರ್ಷ ಆತ್ರೀ ಯಜಮಾನ್ರೆ. ಹುಡುಗ್ರು ಗೇಟಿನಾಗೆ ಬರೋದು ನೋಡಿ ಹೊಡೀತೀನಿ."

"ಅದು ಕೆಳಗಿಂದ್ಲೂ ಕಾಣ್ತೈತಲ್ಲ?"

"ಕಾಣ್ತೈತ್ರೀ."

"ಮತ್ತೆ ಅವತ್ತೇ ಹೇಳಾಕೆ ಏನಾಗಿತ್ತು ನಿಂಗೆ?"

"ಕೆಳಗೆ ನಿಂತು ಹೇಳಿದ್ರೆ ನಂಬ್ತಿದ್ರಾ?"

ಬೆನಕಪ್ಪ ನಗಲು ಹೋಗಿ ಕೆಮ್ಮಿದ. ಹುಡುಗರು ಗೇಟು ದಾಟಿದ ಮೇಲೆ ಗಂಟೆ ಹೊಡೆದ. ಇಳಿಯುವಾಗ ಗಿಡ್ಡಪ್ಪನ ಹೆಗಲು ಹಿಡಿದುಕೊಂಡೇ ಬಂದ.

"ಹಗ್ಗ ನಾನೇ ಕಳಿಸ್ತೀನಿ," ಎಂದ, ಕೆಳಗೆ ಬಂದು ನೀರು ಕುಡಿದ ಮೇಲೆ. "ಹುಡುಗ್ರಿಗೆ ಕಾಯೋದು ಮಾತ್ರ ಬಿಡಬಾರ್ದು ನೀನು."

ಹಗ್ಗ ಬಂತು. ಮೊದಲ ದಿನವೇ ಬಸ್ಸು ತಡವಾಯಿತು. ಪ್ರಿನ್ಸಿಪಾಲರು ಕಿಟಕಿಯಿಂದ ಇಣುಕಿ ಇಣುಕಿ ನೋಡಿದರು. ಗಿಡ್ಡಪ್ಪ ಗೋಪುರದ ಮೊದಲ ಮೆಟ್ಟಿಲ ಮೇಲೆ ಕಾಲು ನೀಡಿ, ಹಗ್ಗದ ತುದಿ ಮಡಿಲಲ್ಲಿಟ್ಟುಕೊಂಡು, ಗೇಟಿನ ಕಡೆ ನೋಡುತ್ತ ಕೂತೇ ಇದ್ದ.