ಮಂಕಾದ ನೀಲಿ ಬೆಳಕು

ಚಾಮರಾಜಪೇಟೆಯ ನರ್ಸಿಂಗ್ ಹೋಮಿನಲ್ಲಿ ಅಕ್ಕ ಭಾಗ್ಯಳ ಕೂಸನ್ನು ನೀಲಿ ದೀಪದಡಿ ಮಲಗಿಸಿದ್ದಾರೆಂದು ತಿಳಿದಾಗ ಹೇಮಶ್ರೀ ಅಷ್ಟೇನೂ ಹೆದರಿರಲಿಲ್ಲ. ಹಸುಗೂಸುಗಳಿಗೆ ಕಾಮಾಲೆ ಬರುವುದು, ನೀಲಿ ಬೆಳಕಿಗೆ ಇಳಿಯುವುದು ಹೊಸದಲ್ಲ. ಒಳಗೆ ಹೋಗಿ ನೋಡಿದರೆ ದೀಪ ಅವಳು ಕೆಲಸ ಮಾಡುವ ಕಂಪನಿಯದೇ. ಒಂದೊಂದು ಎಲ್‌ಇಡಿ ಮೇಲೂ ಗಾಜಿನ ಹನಿಯಂತೆ ಕೂತಿದ್ದ ಪಾಲಿಮರ್ ಅವಳೇ ವರ್ಷಗಟ್ಟಲೆ ಹೆಣಗಿ ಮಾಡಿದ್ದು. ಬೆಳಕು ಎಲ್‌ಇಡಿಯೊಳಗೇ ಸಿಕ್ಕಿಕೊಳ್ಳದಂತೆ ಬಗ್ಗಿಸಿ ಹೊರಗೆ ತರುವುದು ಆ ಹನಿಯ ಕೆಲಸ. ಎಷ್ಟು ಬಿಸಿಯಾದರೂ ಅದು ನೀರಿನಷ್ಟು ತಿಳಿಯಾಗೇ ಇರಬೇಕು.

"ನಿನ್ನ ಚಿಕ್ಕಮ್ಮನ ದೀಪ ಕಣೋ" ಎಂದು ಭಾಗ್ಯ ಕೂಸಿಗೆ ಹೇಳಿ ನಕ್ಕಳು.

ಸಂಜೆಯ ಹೊತ್ತಿಗೆ ಆ ನಗು ಉಳಿಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರ್ ಮಹಾನಂದ, ಕಾಮಾಲೆ ಇಳಿಯುವ ಬದಲು ಏರಿದೆ, ಹೀಗೇ ಏರಿದರೆ ಮಿದುಳಿಗೆ ತಟ್ಟುತ್ತೆ, ರಕ್ತವನ್ನೇ ಬದಲಿಸಬೇಕಾದೀತು ಅಂದರು. ನಿನ್ನೆಯಿಂದ ದೀಪ ಆರಿಸಿಯೇ ಇಲ್ಲ, ಆದರೂ ಯಾಕೆ ಹೀಗೆ ಎಂದು ಅವರಿಗೂ ಹೊಳೆಯಲಿಲ್ಲ.

ಕೂಸು ಹಾಲಿಗೂ ಎಚ್ಚರಗೊಳ್ಳುತ್ತಿರಲಿಲ್ಲ. ಹೇಮಶ್ರೀ ದೀಪವನ್ನೇ ನೋಡುತ್ತಾ ನಿಂತಳು. ಲ್ಯಾಬಿನಲ್ಲಿ ಕಣ್ಣು ಕೋರೈಸುತ್ತಿದ್ದ ನೀಲಿ ಇದಲ್ಲ. ನರ್ಸಿಗೆ ಹೇಳಿ ಆರಿಸಿ, ಬಗ್ಗಿ ನೋಡಿದಳು. ಹನಿಗಳೆಲ್ಲ ಹರಳೆಣ್ಣೆಯ ಬಣ್ಣಕ್ಕೆ ತಿರುಗಿದ್ದವು. ಹಳದಿಯಾದ ಹನಿ ನುಂಗುವುದು ನೀಲಿಯನ್ನೇ. ದೀಪ ಉರಿಯುವಂತೆ ಕಂಡರೂ ಕೂಸಿಗೆ ತಲುಪುವ ಬೆಳಕು ಏನೇನೂ ಸಾಲದು. ಓವನ್ನಿನಲ್ಲಿ ತಿಂಗಳುಗಟ್ಟಲೆ ಕಾಯಿಸಿದಾಗ ಹೀಗಾಗಿರಲಿಲ್ಲ. ಕಾವೂ ನೀಲಿ ಬೆಳಕೂ ಒಟ್ಟಿಗೆ ಬಿದ್ದರೆ ಏನಾಗುತ್ತೆ ನೋಡಬೇಕು ಎಂದು ಅವಳು ಹೇಳಿದ್ದಕ್ಕೆ ಮ್ಯಾನೇಜರ್ ಮುತ್ತುರಾಜ್, ಮೊದಲು ಮಾಲು ಹೋಗಲಿ, ಆಮೇಲೆ ನೋಡೋಣ ಅಂದಿದ್ದರು.

"ಡಾಕ್ಟರ್ ಮೇಡಂ, ಈ ದೀಪ ಕೆಲಸ ಮಾಡ್ತಿಲ್ಲ. ಮಗೂನ ಈಗ್ಲೇ ಬೇರೆ ಕಡೆ ಕರ್ಕೊಂಡ್ಹೋಗ್ಬೇಕು."

ಮಹಾನಂದ ಪಕ್ಕದ ತೊಟ್ಟಿಲ ಕಡೆ ತಿರುಗಿದರು. ಅಲ್ಲೂ ಅದೇ ದೀಪ. ಅದರಡಿ ಇನ್ನೊಬ್ಬರ ಹೆಣ್ಣುಮಗು.

ಎರಡೂ ಮಕ್ಕಳನ್ನು ಒಂದೇ ಆಂಬುಲೆನ್ಸಿನಲ್ಲಿ ಹಾಕಿಕೊಂಡು ಹೊರಟರು. ಮಾರ್ಕೆಟ್ ಮುಂದೆ ಹೂವಿನ ಮೂಟೆಗಳ ನಡುವೆ ಗಾಡಿ ಸಿಕ್ಕಿಕೊಂಡಿತು. ಸೈರನ್ ಕೂಗುತ್ತಲೇ ಇತ್ತು, ದಾರಿ ಬಿಡೋಣವೆಂದರೂ ಜನಕ್ಕೆ ಜಾಗವಿರಲಿಲ್ಲ. ಭಾಗ್ಯ ತಂಗಿಯ ಮುಖ ನೋಡಲಿಲ್ಲ.

ದೊಡ್ಡಾಸ್ಪತ್ರೆಯ ದೀಪಕ್ಕೆ ಭಾಗ್ಯಳ ಮಗನ ಕಾಮಾಲೆ ಮರುದಿನ ಇಳಿಯಿತು. ಹೆಣ್ಣುಮಗುವಿಗೆ ರಕ್ತ ಬದಲಿಸಿದರು. ಜೀವ ಉಳಿಯಿತು, ಕಾಮಾಲೆ ಮಿದುಳಿಗೆ ತಟ್ಟಿ ಕಿವಿ ಕೆಟ್ಟಿದೆಯೋ ಇಲ್ಲವೋ ಈಗಲೇ ಹೇಳಲಾಗದು ಅಂದರು.

ಹೇಮಶ್ರೀ ಆಸ್ಪತ್ರೆಯ ಮೆಟ್ಟಿಲ ಮೇಲಿಂದಲೇ ಮುತ್ತುರಾಜ್‌ಗೆ ಫೋನ್ ಮಾಡಿ, ದೀಪಗಳನ್ನೆಲ್ಲ ವಾಪಸ್ ತರಿಸಿ ಅಂದಳು. ಒಂದೆರಡು ಕೆಟ್ಟಿದ್ದಕ್ಕೆ ಊರಿಗೆಲ್ಲ ಡಂಗುರ ಸಾರಬೇಡ, ಸೋಮವಾರ ಮಾತಾಡೋಣ ಎಂದು ಅವರು ಫೋನ್ ಇಟ್ಟರು. ಅವಳು ಸೋಮವಾರಕ್ಕೆ ಕಾಯಲಿಲ್ಲ. ದೀಪ ಯಾವ ಯಾವ ಊರಿಗೆ ಹೋಗಿದೆಯೆಂದು ಅವಳಿಗೆ ಗೊತ್ತಿತ್ತು. ಮೊದಲು ಫೋನಿಗೆ ಸಿಕ್ಕಿದ್ದು ಹಾಸನದ ಕಡೆಯ ಒಂದು ಸಣ್ಣ ಆಸ್ಪತ್ರೆ.

"ನಮ್ದೇನೂ ಕೆಟ್ಟಿಲ್ಲ ಮೇಡಂ" ಅಂದಳು ಅಲ್ಲಿಯ ನರ್ಸ್. "ಹಗಲೂ ರಾತ್ರಿ ಉರೀತಾನೇ ಇದೆ. ಈಗ್ಲೂ ಎರಡು ಮಕ್ಕಳು ಮಲಗಿದಾವೆ."